ಹತ್ತಿಕಾಳಿನೊಳಗಿನ ಬುತ್ತಿ

ಅವರ ಎಡಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಿಗಿಂತ ಒಂಚೂರು ಉದ್ದ ಇರುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಬಸವನ ಬಾಗೇವಾಡಿಯಿಂದ ಎರಡು ಬಸ್ಸು ಬದಲಿಸಿ, ಮುದ್ದೇಬಿಹಾಳದ ಆಚೆ ಎರಿಹೊಲಗಳ ನಡುವೆ ಇದ್ದ ಆ ಸಣ್ಣ ಹತ್ತಿ ತಳಿ ಕೇಂದ್ರದ ಗೇಟು ದಾಟಿದಾಗ, ಅವರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ನೇಮಕಾತಿ ಪತ್ರ ಕೈಗೆ ತಗೊಂಡರು, ಆದರೆ ಓದಲಿಲ್ಲ. ಬೋರಲು ಮಾಡಿ ತೊಡೆಯ ಮೇಲೆ ಇಟ್ಟುಕೊಂಡರು. ಅಂಗಿಯ ಜೇಬಿನಿಂದ ಒಂದು ಹತ್ತಿಕಾಳು ತೆಗೆದು, ಆ ಉದ್ದ ಉಗುರಿನಿಂದ ಸಿಪ್ಪೆ ಸೀಳಿ, ಒಳಗಿನ ತಿರುಳನ್ನು ಪತ್ರದ ಬೆನ್ನಿಗೆ ತಿಕ್ಕಿದರು. ನಾನು ಗಾಬರಿಯಾಗಿ ನೋಡುತ್ತಿದ್ದೆ. ಅವರು ಕಾಗದವನ್ನು ಬಿಸಿಲಿಗೆ ಹಿಡಿದರು. ತಿಕ್ಕಿದ ಜಾಗದಲ್ಲಿ ಎಣ್ಣೆ ಹೀರಿ, ಅಲ್ಲಿ ಮಾತ್ರ ಬೆಳಕು ಮಬ್ಬಾಗಿ ಈಚೆ ಬರುತ್ತಿತ್ತು.

“ಕಾಣ್ತೇನು ತಂಗಿ? ಇಷ್ಟ ನೋಡು ನಮ್ಮ ಕೆಲಸ. ಈ ಚುಕ್ಕಿ ಇನ್ನೊಂದೀಟು ದೊಡ್ಡದಾಗಬೇಕು.”

ಪತ್ರ ಫೈಲಿಗೆ ಸೇರಿಸಿಕೊಳ್ಳುವಾಗ ಗುಮಾಸ್ತರು ಆ ಎಣ್ಣೆಕಲೆ ನೋಡಿ ನಕ್ಕರು. “ಸಾಹೇಬ್ರ ಕೈಗೆ ಕೊಟ್ಟಿದ್ರೇನು? ಇಲ್ಲಿ ಎಲ್ಲಾರ ಫೈಲೂ ಹಿಂಗ ಅದಾವ.”

ಹೋದ ತಿಂಗಳು ಅವರು ತೀರಿಕೊಂಡರು. ಹೆಸರು ಬರೆಯಬೇಡ ಎಂದು ಅವರೇನೂ ಹೇಳಿರಲಿಲ್ಲ. ಆದರೆ ತಮ್ಮ ಹೆಸರು ಅಚ್ಚಾದಾಗಲೆಲ್ಲ ಅವರು ಅದನ್ನು ಬೇರೆ ಯಾರದೋ ಎನ್ನುವ ಹಾಗೆ ನೋಡುತ್ತಿದ್ದರು. ಅದಕ್ಕೇ ನಾನೂ ಬರೆಯುವುದಿಲ್ಲ. ಹೊಲದ ಹೆಣ್ಣುಮಕ್ಕಳು ‘ಕಾಳಿನ ಸಾಹೇಬ್ರು’ ಅನ್ನುತ್ತಿದ್ದರು. ಅಷ್ಟು ಸಾಕು.

ಸಿಂದಗಿಯ ಹಳೇ ಓಣಿಯೊಂದರ ಪಿಂಜಾರ ಮನೆತನ ಅವರದು. ಅಪ್ಪ ಹತ್ತಿ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಇಂಡಿ, ಝಳಕಿ ಕಡೆಯ ಹಳ್ಳಿಗಳಿಗೆ ಹೋಗಿ, ಮನೆಮನೆಯಲ್ಲಿ ಗಾದಿಯ ಹತ್ತಿ ಹಿಂಜಿ ಬರುತ್ತಿದ್ದರಂತೆ. ತಾಯಿ ಗಾದಿ ಹೊಲಿಯುತ್ತಿದ್ದರು. ಹಿಂಜುವಾಗ ಹತ್ತಿಯಲ್ಲಿ ಒಂದು ಕಾಳು ಉಳಿದಿದ್ದರೆ ಬಿಲ್ಲಿನ ನಾರಿಗೆ ಬಡಿದು ‘ಟಣ್’ ಎಂದು ಸಿಡಿದು ಮೂಲೆಗೆ ಹೋಗಿ ಬೀಳುತ್ತಿತ್ತು. ಆ ಸದ್ದನ್ನು ಅವರು ನಮಗೆ ಬಾಯಿಂದ ಮಾಡಿ ತೋರಿಸುತ್ತಿದ್ದರು. “ನಮ್ಮ ಮನ್ಯಾಗ ಎಲ್ಲಾರೂ ಬಿಳೇ ಹತ್ತಿ ನೋಡ್ತಿದ್ರು. ನಾ ಸಿಡಿದು ಹೋಗಿದ್ದನ್ನ ಹುಡಕ್ತಿದ್ದೆ. ಯಾಕ ಅಂತ ಕೇಳಬ್ಯಾಡ, ನನಗೂ ಗೊತ್ತಿಲ್ಲ.”

ಹತ್ತಿಯ ಬಗ್ಗೆ ಕೆಲಸ ಮಾಡುವವರೆಲ್ಲ ನೂಲಿನ ಬಗ್ಗೆ ಯೋಚಿಸುತ್ತಾರೆ. ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ, ಎಷ್ಟು ನಯ. ಕಾಳು ಅನ್ನುವುದು ಹತ್ತಿ ಬಿಡಿಸುವ ಜಿನ್ನು ಯಂತ್ರದಲ್ಲಿ ಕೆಳಗೆ ಬೀಳುವ ವಸ್ತು. ಎಮ್ಮೆಗೆ ನೆನೆಸಿ ಹಾಕುತ್ತಾರೆ, ಉಳಿದದ್ದು ಎಣ್ಣೆ ಗಿರಣಿಗೆ. ಕೇಂದ್ರದಲ್ಲಿ ಉಳಿದವರೆಲ್ಲ ನೂಲಿನ ಹಿಂದೆ ಇದ್ದಾಗ ಇವರೊಬ್ಬರೇ ಕಾಳಿನ ಎಣ್ಣೆಯ ಹಿಂದೆ ಬಿದ್ದಿದ್ದರು. ಕಾಳಿನಲ್ಲಿ ಎಣ್ಣೆ ಹೆಚ್ಚಾದರೆ ನೂಲು ಕಡಿಮೆಯಾಗುತ್ತದೆ ಎಂಬ ಭಯ ಎಲ್ಲರಿಗೂ ಇತ್ತು. ಆ ಭಯ ಪೂರ್ತಿ ಸುಳ್ಳೂ ಅಲ್ಲ. ಗಿಡದ ಹತ್ತಿರ ಇರುವ ಗಂಜಿ ಒಂದೇ. ಅದನ್ನು ಹೊರಗಿನ ಎಳೆಗೆ ಸುರಿಯಬೇಕೋ ಒಳಗಿನ ತಿರುಳಿಗೋ ಎಂದು ಅದು ಹಂಚಿಕೊಳ್ಳಬೇಕು. “ಎರಡೂ ಮಕ್ಕಳಿಗೆ ಉಣಿಸೋ ಗಿಡ ಎಲ್ಲೋ ಐತಿ. ನಾವು ಇನ್ನೂ ಅದರ ಮನಿ ಮುಂದ ಹಾದು ಹೋಗಿಲ್ಲ” ಎನ್ನುತ್ತಿದ್ದರು.

ಅದನ್ನು ಹುಡುಕಿಕೊಂಡು ಅವರು ನಿಜವಾಗಿಯೂ ಮನೆಮನೆ ಹೋಗುತ್ತಿದ್ದರು. ಯಾವ ಊರಿಗೆ ಹೋದರೂ ದನದ ಕೊಟ್ಟಿಗೆಯ ಮುಂದೆ ನಿಂತು, ಎಮ್ಮೆ ಹತ್ತಿಕಾಳು ಮೆಲ್ಲುವುದನ್ನು ನೋಡುತ್ತ ಮೈಮರೆಯುತ್ತಿದ್ದರು. ಮನೆಯಾಕೆ ಹೊರಗೆ ಬಂದು ಯಾರು ಎಂದು ಕೇಳಿದರೆ, “ಯಾವ ಹತ್ತಿಕಾಳು ಹಾಕಿದ್ರ ಬೆಣ್ಣಿ ಹೆಚ್ಚು ಬರತೈತಿ ಅಕ್ಕಾ?” ಎಂದು ಕೇಳುತ್ತಿದ್ದರು. ಬಹಳ ಜನ ನಕ್ಕು ಕಳಿಸುತ್ತಿದ್ದರು. ಝಳಕಿ ಹತ್ತಿರದ ಒಂದು ಹಳ್ಳಿಯಲ್ಲಿ ಮಾತ್ರ ಒಬ್ಬ ಅಜ್ಜಿ ನಗಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ, ಹೈಬ್ರಿಡ್ ಬರುವ ಮೊದಲಿನ ಕಾಲದ ನಾಲ್ಕು ಹತ್ತಿಗಿಡ ತೋರಿಸಿದಳಂತೆ. “ದೇವರ ಬತ್ತಿಗೆ ಅಂತ ಇಟ್ಟೀನಿ. ಕಾಳು ಎಮ್ಮಿಗೆ ಹಾಕ್ತೀನಿ. ಬೆಣ್ಣಿ ಹೌದೋ ಅಲ್ಲೋ ನೀವ ನೋಡ್ರಿ” ಎಂದು ಒಂದು ಹಿಡಿ ಕಾಳು ಕೊಟ್ಟಳಂತೆ. ಎಣ್ಣೆ ಹೆಚ್ಚಿರುವ ತಳಿ ಎಂದು ನಾವು ಹೊಲದಲ್ಲಿ ಬೆಳೆಸಿದ ಹಸಿರೆಲೆಯ ಸಾಲು ಆ ಹಿಡಿಯಿಂದಲೇ ಬಂದದ್ದು. ಹತ್ತಾರು ವರ್ಷ ಆರಿಸಿ, ಬಿತ್ತಿ, ಮತ್ತೆ ಆರಿಸಿ ಅವರು ಅದನ್ನು ಹದಕ್ಕೆ ತಂದಿದ್ದರು.

ಮರೆವು ಅವರಿಗೆ ಹುಟ್ಟಿನಿಂದ ಬಂದಿತ್ತು. ಸಿಂದಗಿಗೆ ಹೋಗುವ ಬಸ್ಸಿನಲ್ಲಿ ಕೂತು ಹೊಲ ನೋಡುತ್ತ ದೇವರ ಹಿಪ್ಪರಗಿಯಲ್ಲೇ ಇಳಿದುಬಿಡುತ್ತಿದ್ದರು. ಒಂದು ಮಳೆಗಾಲದಲ್ಲಿ ಅವರ ಹೆಂಡತಿ ಒಣಗದೇ ಉಳಿದ ಅಂಗಿಯೊಂದನ್ನು ಮಡಚಲು ಎತ್ತಿಕೊಂಡರೆ ಜೇಬಿನೊಳಗೆ ಆರೇಳು ಹತ್ತಿಕಾಳು ಮೊಳಕೆ ಒಡೆದು ನಿಂತಿದ್ದವಂತೆ. ಸಾಹೇಬರು ಆ ಅಂಗಿಯನ್ನು ಹಾಗೇ ಎತ್ತಿಕೊಂಡು ಆಫೀಸಿಗೆ ತಂದಿದ್ದರು. ನಮಗೆಲ್ಲ ತೋರಿಸಿ, “ನನ್ನ ಹೆಂಡ್ತಿ ಸಾಬೂನಿಗೂ ಇವು ಅಂಜಲಿಲ್ಲ” ಎಂದು ಬಹಳ ಹೆಮ್ಮೆಯಿಂದ ಹೇಳಿದರು.

ಹೂವಿನ ದಿನಗಳಲ್ಲಿ ಅವರನ್ನು ಮಾತಾಡಿಸುವುದೇ ಕಷ್ಟ. ಹತ್ತಿಯ ಹೂವು ಮುಂಜಾನೆ ಬೆಣ್ಣೆಯ ಬಣ್ಣದಲ್ಲಿ ಅರಳುತ್ತದೆ. ಮರುದಿನ ಹೊತ್ತಿಗೆ ಗುಲಾಬಿ ಬಣ್ಣಕ್ಕೆ ತಿರುಗಿ ಮುದುಡುತ್ತದೆ. ಹೀಗಾಗಿ ಸೆಪ್ಟೆಂಬರಿನ ಹೊಲದಲ್ಲಿ ಇವತ್ತಿನ ಹೂವೂ ನಿನ್ನೆಯ ಹೂವೂ ಒಂದೇ ಗಿಡದಲ್ಲಿ ಬೇರೆ ಬೇರೆ ಬಣ್ಣದಲ್ಲಿ ಇರುತ್ತವೆ. ಅವರು ಸಾಲಿನ ನಡುವೆ ಎದೆಮಟ್ಟ ಗಿಡಗಳಲ್ಲಿ ಮುಳುಗಿ ನಿಂತು, ಒಂದು ಹೂವಿನ ಮುಂದೆ ಎಷ್ಟೋ ಹೊತ್ತು ಕಳೆಯುತ್ತಿದ್ದರು. ದೂರದಿಂದ ನೋಡಿದರೆ ಅವರ ತಲೆಯ ಬಿಳಿ ಟೋಪಿಯೂ ಒಂದು ಹೂವೇ ಅನ್ನಿಸುತ್ತಿತ್ತು. ಗಾಳಿ ಬಂದಾಗ ಇಡೀ ಹೊಲ ನಿಧಾನಕ್ಕೆ ಬಾಗಿ ಏಳುತ್ತಿತ್ತು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ. ಆ ವರ್ಷಗಳನ್ನು ನೆನೆಸಿಕೊಂಡರೆ ನನಗೆ ಮೊದಲು ಕಾಣುವುದು ಅದೇ.

ಅವರನ್ನು ಕಾಡುತ್ತಿದ್ದ ಪ್ರಶ್ನೆ ಒಂದೇ ಇತ್ತು. ಅದನ್ನು ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ, ಹೊಲದ ಹೆಣ್ಣುಮಕ್ಕಳ ಮುಖ್ಯಸ್ಥೆಯಾಗಿದ್ದ ಶಾಂತವ್ವನಿಗೆ ಹೇಳುತ್ತಿದ್ದುದನ್ನು ನಾನು ಕೇಳಿಸಿಕೊಂಡೆ.

“ಶಾಂತವ್ವ, ಕಾಳಿನೊಳಗ ಒಂದು ಮರಿಗಿಡ ಮಲಗಿರತೈತಿ. ಎಣ್ಣಿ ಅಂದ್ರ ಅದರ ಬುತ್ತಿ. ಮಣ್ಣಾಗ ಬಿದ್ದು ಎರಡು ಎಲಿ ಬಿಡೂತನಕ ಅದನ್ನ ಉಣ್ಣತೈತಿ. ಈಗ ಹೇಳು, ಆ ಬುತ್ತಿ ಕಟ್ಟಿದವರು ಯಾರು? ತಾಯಿಗಿಡಾನೋ, ಮರಿ ತಾನೋ?”

“ತಾಯಿನ ರೀ” ಎಂದಳು ಶಾಂತವ್ವ, ರೊಟ್ಟಿ ಮುರಿಯುತ್ತ. “ಹೊಟ್ಟ್ಯಾಗಿನ ಕೂಸು ಬುತ್ತಿ ಕಟ್ಕೊಂತೈತೇನ್ರಿ?”

“ನನಗೂ ಹಂಗ ಅನಸ್ತೈತಿ. ಆದ್ರ ಮರಿಯೊಳಗ ಅಪ್ಪಂದೂ ಪಾಲು ಐತಲ್ಲ. ಎಣ್ಣಿ ಮಾಡೋ ಗುಣ ಒಂದಲ್ಲ, ಭಾಳ ಅದಾವ. ಒಂದು ದೊಡ್ಡ ಬಂಡಿಗಲ್ಲು ಹತ್ತು ಮಂದಿ ಸೇರಿ ಎತ್ತಿದಂಗ. ಯಾರು ಎಷ್ಟು ಎತ್ತಿದ್ರು ಅಂತ ಹೊರಗ ನಿಂತವರಿಗೆ ತಿಳಿಯಂಗಿಲ್ಲ.”

ತಿಳಿಯಲು ಒಂದು ದಾರಿ ಇತ್ತು. ಎಣ್ಣೆ ಹೆಚ್ಚಿರುವ ಹಸಿರೆಲೆ ತಳಿಯನ್ನೂ, ಎಣ್ಣೆ ಕಡಿಮೆ ಇರುವ ಕೆಂಪೆಲೆ ತಳಿಯನ್ನೂ ಎರಡು ರೀತಿಯಲ್ಲಿ ಕೂಡಿಸುವುದು. ಒಮ್ಮೆ ಹಸಿರು ತಾಯಿ, ಕೆಂಪು ತಂದೆ. ಇನ್ನೊಮ್ಮೆ ಕೆಂಪು ತಾಯಿ, ಹಸಿರು ತಂದೆ. ತಂದೆತಾಯಿ ಅದಲುಬದಲಾದರೂ ಎರಡೂ ಕಡೆಯ ಮಕ್ಕಳಲ್ಲಿ ಎಣ್ಣೆ ಒಂದೇ ಸಮ ಬಂದರೆ ಅದು ಮರಿಯದೇ ಕೆಲಸ. ಹಸಿರು ತಾಯಿಯ ಕಾಳಿನಲ್ಲಿ ಹೆಚ್ಚು, ಕೆಂಪು ತಾಯಿಯ ಕಾಳಿನಲ್ಲಿ ಕಡಿಮೆ ಬಂದರೆ ಬುತ್ತಿ ಕಟ್ಟಿದವಳು ತಾಯಿ.

ಈ ಕೂಡಿಸುವ ಕೆಲಸಕ್ಕೆ ನಮ್ಮ ಕಡೆ ‘ಕ್ರಾಸಿಂಗ್’ ಅನ್ನುತ್ತಾರೆ. ನಾಳೆ ಅರಳಲಿರುವ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಬಿಡಿಸಿ, ಒಳಗಿನ ಗಂಡುಕೇಸರಗಳನ್ನೆಲ್ಲ ಉಗುರಿನಿಂದ ಸವರಿ ತೆಗೆದು, ಮೇಲೆ ಕೆಂಪು ಕಾಗದದ ಟೋಪಿ ಹಾಕಬೇಕು. ಮರುದಿನ ಮುಂಜಾನೆ ಬೇರೆ ತಳಿಯ ಹೂವಿನ ಪರಾಗ ತಂದು ಮುಟ್ಟಿಸಬೇಕು. ಮಧ್ಯಾಹ್ನದ ಕೆಲಸ ತಪ್ಪಿದರೆ ಮುಂಜಾನೆಯ ಹೊತ್ತಿಗೆ ಹೂವು ಅರಳಿ, ತನ್ನ ಪರಾಗ ತಾನೇ ಉದುರಿಸಿಕೊಂಡು, ತನಗೆ ತಾನೇ ಕೂಡಿಬಿಟ್ಟಿರುತ್ತದೆ.

ಆ ವರ್ಷ ಹೂವಿನ ವಾರದಲ್ಲೇ ಶಾಂತವ್ವನ ಮಗಳಿಗೆ ದೇವರ ಹಿಪ್ಪರಗಿಯಲ್ಲಿ ಹೆರಿಗೆಯಾಯಿತು. ಅವಳು ಹೋದಳು. ಅದಲುಬದಲು ಕ್ರಾಸಿಂಗಿನ ಸಣ್ಣ ಮಡಿಯನ್ನು ಅವರು ನನಗೆ ಒಪ್ಪಿಸಿದರು. “ನಿನ್ನ ಕೈ ಸಣ್ಣದು, ತಂಗಿ. ಮೊಗ್ಗಿಗೆ ನೋವಾಗೂದಿಲ್ಲ” ಎಂದರು.

ಅದೇ ವಾರ ನಾನು ಮೊದಲ ಸಲ ನಿಡಗುಂದಿಗೆ ಹೋದೆ. ಮನೆಯಲ್ಲಿ ನನಗೆ ಒಂದು ಸಂಬಂಧ ನೋಡಿದ್ದರು. ಹುಡುಗ ನಿಡಗುಂದಿಯ ಸಾಲಿಯಲ್ಲಿ ಗಣಿತದ ಮಾಸ್ತರ. ಫೋನಿನಲ್ಲಿ ಎರಡು ಸಲ ಮಾತಾಡಿದ್ದೆವು, ಎದುರಿಗೆ ನೋಡಿರಲಿಲ್ಲ. ಊಟದ ಹೊತ್ತಿಗೆ ಹೊರಟು, ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಒಂದು ಚಹಾ ಕುಡಿದು ಬಂದುಬಿಡುತ್ತೇನೆ ಎಂದುಕೊಂಡಿದ್ದೆ. ಚಹಾ ಕುಡಿದಾದ ಮೇಲೆ ಹಿನ್ನೀರಿನ ಕಡೆ ನಡೆದೆವು. ಆಲಮಟ್ಟಿಯ ನೀರು ಅಂಚಿಲ್ಲದೆ ಹರಡಿ ಆಕಾಶವೂ ಅದೂ ಒಂದೇ ಆಗಿತ್ತು. ಬಾತುಗಳು ಆಕಾಶದ ಮೇಲೆ ಕೂತ ಹಾಗೆ ಕೂತಿದ್ದವು. ನಾನು ತಿರುಗಿ ಬಂದಾಗ ಹೊತ್ತು ಮುಳುಗಿತ್ತು, ಮೊಗ್ಗುಗಳು ಹಾಗೇ ಇದ್ದವು. ಮರುದಿನ ಮುಂಜಾನೆ ಎಲ್ಲರಿಗಿಂತ ಮೊದಲು ಹೋಗಿ ಕೇಸರ ತೆಗೆದೆ. ಅಷ್ಟರಲ್ಲಿ ಹೂವು ಬಾಯಿ ಬಿಟ್ಟಾಗಿತ್ತು. ನನ್ನ ಬೆರಳ ತುದಿಗೆಲ್ಲ ಹಳದಿ ಪುಡಿ ಹತ್ತಿತು. ಬೇರೆ ತಳಿಯ ಪರಾಗ ಮುಟ್ಟಿಸಿ, ಕೆಂಪು ಟೋಪಿ ಹಾಕಿ, ಚೀಟಿಯ ಮೇಲೆ ಹಿಂದಿನ ದಿನದ ತಾರೀಖು ಬರೆದು ಕಟ್ಟಿದೆ.

ಒಂದೇ ದಿನವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಆ ವಾರ ಮೊಗ್ಗು ಬಿಡಿಸಬೇಕಿದ್ದ ನಾಲ್ಕೂ ಮಧ್ಯಾಹ್ನ ನಾನು ನಿಡಗುಂದಿಯಲ್ಲಿದ್ದೆ.

ಹತ್ತಿ ಬಿಡಿಸಿ, ಕಾಳು ಬೇರೆ ಮಾಡಿ, ಅರ್ಧ ಬಿತ್ತನೆಗೆ ಇಟ್ಟು, ಇನ್ನರ್ಧದ ಎಣ್ಣೆ ತೆಗೆದೆವು. ಪ್ರಯೋಗಾಲಯದಲ್ಲಿ ಗಾಜಿನ ಕೊಳವೆಗಳ ಸಾಲು ಇತ್ತು. ಕೆಳಗಿನ ಬುರುಡೆಯಲ್ಲಿ ದ್ರಾವಣ ಕುದಿದು ಆವಿಯಾಗಿ ಮೇಲೇರುವುದು, ತಣ್ಣಗಾಗಿ ಕಾಳಿನ ಪುಡಿಯ ಮೇಲೆ ಹನಿಯುವುದು, ಎಣ್ಣೆ ತೊಳೆದುಕೊಂಡು ಮತ್ತೆ ಕೆಳಗಿಳಿಯುವುದು. ದಿನವಿಡೀ ಅಷ್ಟೇ. ಅವರು ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದರು. ಫಲಿತಾಂಶ ಬಂದ ದಿನ ಹಾಳೆಯನ್ನು ಮೂರು ಸಲ ಓದಿದರು. ಹಸಿರು ತಾಯಿಯ ಕಾಳುಗಳಲ್ಲಿ ಪೂರ್ತಿ ಹಸಿರು ತಳಿಯಷ್ಟೇ ಎಣ್ಣೆ. ಕೆಂಪು ತಾಯಿಯ ಕಾಳುಗಳಲ್ಲಿ ಪೂರ್ತಿ ಕೆಂಪು ತಳಿಯಷ್ಟೇ. ತಂದೆಯ ಸುಳಿವೇ ಇಲ್ಲ.

“ತಾಯಿ” ಎಂದರು. ಅಷ್ಟೇ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ನನ್ನ ಕಡೆ ತಿರುಗದೆಯೇ, “ನಮ್ಮಮ್ಮ ತಾ ಉಪವಾಸ ಇದ್ದು ನನಗ ಬುತ್ತಿ ಕಟ್ಟಾಕಿ. ನಾ ಸಾಲಿಯಾಗ ಬಿಚ್ಚಿ ಉಣ್ಣುವಾಗ ಆ ನೆಪ್ಪು ಬರತಿದ್ದಿಲ್ಲ. ಈಗ ಬರತೈತಿ ನೋಡು” ಎಂದರು.

ಆ ಮಾತು ಕೇಳಿದ ಮೇಲೆ ನಾನು ಬಾಯಿ ಬಿಡುವುದು ಹೇಗೆ? ಒಂದಿಷ್ಟಾದರೂ ಕೂಡಿರಬಹುದು, ಉತ್ತರ ನಿಜವೇ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತ ಬೇಸಿಗೆ ಕಳೆಯಿತು. ಅವರು ಹತ್ತಿ ವಿಜ್ಞಾನಿಗಳ ಒಂದು ದೊಡ್ಡ ಸಭೆಗೆ ಹೋಗಿ ಈ ವಿಷಯ ಮಂಡಿಸಿ ಬಂದರು. ಅಲ್ಲಿ ಎಲ್ಲರೂ ಎದ್ದು ಬಂದು ಕೈ ಕುಲುಕಿದರಂತೆ. ಮುಂದಿನ ವರ್ಷ ಕೇಂದ್ರದ ಮುಖ್ಯಸ್ಥರ ಕುರ್ಚಿ ಖಾಲಿಯಾಗುವುದಿತ್ತು, ಅದು ಇವರಿಗೇ ಎಂದು ಗುಮಾಸ್ತರು ಬಾಯಿಬಿಟ್ಟೇ ಹೇಳುತ್ತಿದ್ದರು. ಎಣ್ಣೆಯ ಕೆಲಸಕ್ಕೆ ಬೇರೆ ಹೊಲ, ಬೇರೆ ಜನ ಸಿಗುವ ಮಾತೂ ಇತ್ತು. ನನ್ನ ಮದುವೆಯೂ ಆ ಬೇಸಿಗೆಯಲ್ಲೇ ಆಯಿತು. ಅವರು ಹೆಂಡತಿಯನ್ನು ಕರೆದುಕೊಂಡು ಬಂದು, ಅಕ್ಷತೆ ಹಾಕಿ, ನನ್ನ ಗಂಡನ ಕೈ ಹಿಡಿದು, “ಭಾಳ ಜ್ವಾಕಿ ಇರೋ ಹುಡುಗಿ. ನನ್ನ ಅರ್ಧ ಕೆಲಸ ಈಕಿ ಕೈಯಾಗ ಐತಿ” ಎಂದು ಹೇಳಿ ಹೋದರು. ನಾನು ತಲೆ ಎತ್ತಲಿಲ್ಲ. ನಾಚಿಕೆ ಎಂದುಕೊಂಡಿರಬೇಕು ಎಲ್ಲರೂ.

ಜೂನಿನ ಮಳೆಗೆ ಉಳಿದರ್ಧ ಕಾಳು ಬಿತ್ತಿದೆವು. ಹಸಿರು ಮತ್ತು ಕೆಂಪು ನಿಜವಾಗಿ ಕೂಡಿದ್ದರೆ ಸಸಿ ಯಾವ ತಾಯಿಯದಾದರೂ ನಸುಗೆಂಪಾಗಿ ಬರಬೇಕು. ನನಗೆ ಇದು ಗೊತ್ತಿತ್ತು. ಹನ್ನೆರಡನೆಯ ದಿನ ಬೆಳಿಗ್ಗೆ ನಾನು ಮೊದಲು ಹೋದೆ. ಎರಡೆರಡು ಎಲೆ ಬಿಟ್ಟ ಸಸಿಗಳು ರಾತ್ರಿಯ ಮಳೆಹನಿ ಹೊತ್ತು ನಿಂತಿದ್ದವು. ಒಂದು ಕಡೆ ಅಚ್ಚ ಹಸಿರು. ಇನ್ನೊಂದು ಕಡೆ ಅಚ್ಚ ಕೆಂಪು. ನಡುವಿನ ಬಣ್ಣದ್ದು ಒಂದೂ ಇಲ್ಲ. ಕಿತ್ತು ಹಾಕಿ, ಹಂದಿ ಬಂದಿತ್ತು ಎಂದು ಹೇಳಿದರಾಯಿತು ಎಂಬ ಯೋಚನೆ ಬಂತು. ಬಗ್ಗಿ ಒಂದು ಸಸಿಯನ್ನು ಹಿಡಿದೂ ಆಗಿತ್ತು. ಅದು ಬೆರಳಿಗೆ ತಣ್ಣಗೆ ತಾಗಿತು. ಕೀಳಲಾಗಲಿಲ್ಲ.

ಅವರು ಬಂದರು. ಸಾಲಿನ ಉದ್ದಕ್ಕೂ ಒಮ್ಮೆ ನಡೆದರು. ತಿರುಗಿ ಬಂದು ಕುಕ್ಕರುಗಾಲಲ್ಲಿ ಕೂತರು.

“ತಂಗಿ, ಇವು ಹಸಿರದಾವ.”

“ಹೌದ್ರಿ ಸರ್.”

“ಒಂದೂ ಕೂಡಿಲ್ಲ.”

ನಾನು ಹೇಳಿದೆ. ನಾಲ್ಕು ಮಧ್ಯಾಹ್ನ, ನಿಡಗುಂದಿ, ಹಿಂದಿನ ತಾರೀಖಿನ ಚೀಟಿ, ಎಲ್ಲ. ಹೇಳುತ್ತ ಹೇಳುತ್ತ ಮಣ್ಣಿನ ಮೇಲೇ ಕೂತುಬಿಟ್ಟೆ. ಮುಗಿದ ಮೇಲೆ ಅವರು ಸಸಿಗಳನ್ನು ನೋಡುತ್ತ ಇದ್ದರು. ಬಿಸಿಲು ಹನಿಗಳ ಮೇಲೆ ಬಂದು, ಪ್ರತಿ ಎಲೆಯೂ ಹೊಳೆದು, ಆಮೇಲೆ ಒಣಗಿತು. ಅಷ್ಟು ಹೊತ್ತು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಹುಡುಗ ಛೊಲೋ ಅದಾನಿಲ್ಲ? ಚಂದ ನೋಡ್ಕೊಂತಾನ?”

ನನಗೆ ಅಳು ತಡೆಯಲಾಗಲಿಲ್ಲ. ತಲೆ ಆಡಿಸಿದೆ.

“ಮತ್ತ ಅಳಬ್ಯಾಡ. ತಪ್ಪು ನಿಂದೊಂದ ಅಲ್ಲ. ಅಷ್ಟು ಚೊಕ್ಕ ಉತ್ತರ ಗಿಡ ಯಾವತ್ತೂ ಕೊಡಂಗಿಲ್ಲ, ಅದು ನನಗ ಗೊತ್ತಿತ್ತು. ಸಸಿ ಬರೂತನಕ ಕಾಯಬೇಕಾಗಿತ್ತು. ನನಗ ಬೇಕಾದ್ದು ಸಿಕ್ತು ಅಂತ ನಾ ಕಾಯಲಿಲ್ಲ.”

ಅವತ್ತೇ ಮಧ್ಯಾಹ್ನ ಅವರು ಸಭೆಯವರಿಗೂ ಮೇಲಿನ ಆಫೀಸಿಗೂ ಪತ್ರ ಬರೆದರು. ಟೈಪು ಮಾಡಿದವಳು ನಾನೇ. ‘ನನ್ನ ಮೇಲ್ವಿಚಾರಣೆಯ ಲೋಪದಿಂದ ಪರಾಗಸ್ಪರ್ಶ ಸರಿಯಾಗಿ ಆಗಿಲ್ಲ. ನಾನು ಮಂಡಿಸಿದ ತೀರ್ಮಾನವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ’ ಎಂದಿತ್ತು. ನನ್ನ ಹೆಸರು ಹಾಕಬೇಕೆಂದು ನಾನು ಹಟ ಹಿಡಿದೆ.

“ಹೊಲ ಯಾರದು?” ಎಂದರು.

“ನಿಮ್ಮದ್ರಿ.”

“ಹಂಗಾದ್ರ ಪತ್ರನೂ ನಂದ. ಕೆಳಗ ಜಾಗ ಬಿಡು, ಸಹಿ ಮಾಡ್ತೀನಿ.”

ಆ ಕುರ್ಚಿ ಬೇರೆಯವರಿಗೆ ಹೋಯಿತು. ಎಣ್ಣೆಯ ಕೆಲಸ ನಿಂತಿತು. ನಮ್ಮ ಮಡಿಗಳಲ್ಲಿ ಉದ್ದ ಎಳೆಯ ಹತ್ತಿ ಬಂತು. ಎರಡು ವರ್ಷ ಅವರು ಆ ಹತ್ತಿಯ ಲೆಕ್ಕಪತ್ರ ಬರೆದುಕೊಂಡು ಇದ್ದು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ಎಲ್ಲರೂ ನೂಲಿನ ಬಗ್ಗೆಯೇ ಮಾತಾಡಿದರು. ಅವರು ನಗುತ್ತ ಕೇಳಿಸಿಕೊಂಡರು. ನಾನು ಅಷ್ಟರಲ್ಲಿ ಬಾಗೇವಾಡಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಕೆಲಸಕ್ಕೆ ಸೇರಿದ್ದೆ.

ನಿವೃತ್ತಿಯಾಗಿ ಒಂದು ತಿಂಗಳೂ ಆಗಿರಲಿಲ್ಲ, ಫೋನು ಬಂತು. “ತಂಗಿ, ಆಯಿತವಾರ ಪುರಸೊತ್ತು ಐತೇನು? ದೇವರ ಹಿಪ್ಪರಗಿಗೆ ಬಾ.”

ಶಾಂತವ್ವ ಕೆಲಸ ಬಿಟ್ಟು ದೇವರ ಹಿಪ್ಪರಗಿಯಲ್ಲಿ ಮಗಳ ಹತ್ತಿರ ಇದ್ದಳು. ಅವಳ ಅಳಿಯನ ಹೊಲದ ಒಂದು ಮೂಲೆಯನ್ನು ಇವರು ಕೇಳಿ ಪಡೆದಿದ್ದರು. ಹಸಿರು ತಳಿ, ಕೆಂಪು ತಳಿ ಎರಡರದ್ದೂ ಒಂದೊಂದು ಹಿಡಿ ಕಾಳನ್ನು ಮೇಲಿನವರಿಗೆ ಬರೆದು ಅನುಮತಿ ತಗೊಂಡು ತಂದಿದ್ದರು. ಸುತ್ತ ಜೋಳ, ತೊಗರಿ. ನಡುವೆ ಮಂಚದಷ್ಟಗಲ ಎರಡು ಮಡಿ ಹತ್ತಿ. ಹೂವಿನ ವಾರ ಬಂದಾಗ ನಾನು ಕಾಲೇಜಿಗೆ ರಜೆ ಹಾಕಿದೆ. ಪ್ರತಿ ಮಧ್ಯಾಹ್ನ ಶಾಂತವ್ವ ಒಂದು ಸಾಲು, ನಾನು ಒಂದು ಸಾಲು ಹಿಡಿದು ಮೊಗ್ಗು ಬಿಡಿಸಿ ಕೇಸರ ತೆಗೆದೆವು. ಅವರ ಕೈ ಆಗಲೇ ನಡುಗುತ್ತಿತ್ತು. ಟೋಪಿಗಳನ್ನು ಒಂದೊಂದಾಗಿ ನಮಗೆ ಎತ್ತಿ ಕೊಡುತ್ತ, ಚೀಟಿ ಬರೆಯುತ್ತ ಬದುವಿನ ಮೇಲೆ ಕೂತಿರುತ್ತಿದ್ದರು. ಸಂಜೆ ಹೊತ್ತಿಗೆ ಹೊಲದ ತುಂಬ ಕೆಂಪು ಟೋಪಿಗಳು ಗಾಳಿಗೆ ತಲೆದೂಗುತ್ತಿದ್ದವು. ಮೂವರೂ ಅದನ್ನು ನೋಡುತ್ತ ಕೂತದ್ದು ಇದೆ.

ಎರಡು ವರ್ಷ ಹಾಗೆ ಮಾಡಿದೆವು. ಈ ಸಲ ಸಸಿಗಳು ನಸುಗೆಂಪಾಗಿ ಬರುವ ತನಕ ಅವರು ಎಣ್ಣೆಯ ಮಾತೇ ಎತ್ತಲಿಲ್ಲ. ಆಮೇಲೆ ನನ್ನ ಪರಿಚಯದವರ ಪ್ರಯೋಗಾಲಯದಲ್ಲಿ ಎಣ್ಣೆ ಅಳೆಸಿದೆ. ಹಾಳೆ ತಗೊಂಡು ಸಿಂದಗಿಗೆ ಹೋದಾಗ ಅವರು ಪಡಸಾಲೆಯಲ್ಲಿ ಹೊದ್ದು ಮಲಗಿದ್ದರು. ಕಣ್ಣು ಮಂಜಾಗಿತ್ತು. ನಾನೇ ಓದಿ ಹೇಳಿದೆ. ಎರಡೂ ಕಡೆಯ ಕಾಳುಗಳೂ ಹಸಿರು–ಕೆಂಪಿನ ನಡುವೆ ಬಂದಿದ್ದವು. ಆದರೆ ಹಸಿರು ತಾಯಿಯ ಕಾಳುಗಳು ಎರಡು ವರ್ಷವೂ ಒಂಚೂರು ಮೇಲೆ.

“ಒಂಚೂರು?”

“ಒಂಚೂರು ರೀ ಸರ್. ಭಾಳ ಅಲ್ಲ.”

“ಅಂದ್ರ ಅಪ್ಪಂದೂ ಐತಿ, ಮರಿದೂ ಐತಿ. ತಾಯಿ ಮ್ಯಾಲೊಂದು ತುತ್ತು ಹೆಚ್ಚು ಹಾಕ್ಯಾಳ.” ಹಾಳೆಯನ್ನು ನನ್ನ ಕೈಯಿಂದ ತಗೊಂಡು ಎದೆಯ ಮೇಲೆ ಇಟ್ಟುಕೊಂಡರು. “ಇದು ಖರೆ ಅನಸ್ತೈತಿ. ಗಿಡ ಹಿಂಗ ಮಾತಾಡತೈತಿ.”

ಇಷ್ಟು ವರ್ಷ ಬಯಸಿದ್ದು ಸಿಗಲಿಲ್ಲ ಎಂಬ ಬೇಸರ ಅವರ ಮುಖದಲ್ಲಿ ಇದೆಯೇ ಎಂದು ನಾನು ಹುಡುಕಿದೆ. ಇರಲಿಲ್ಲ. ಒಂದು ಸಣ್ಣ ಟಿಪ್ಪಣಿ ಬರೆದು ಕಳಿಸೋಣ, ಶಾಂತವ್ವನ ಹೆಸರೂ ಇರಲಿ ಎಂದರು. ಅದು ಅಚ್ಚಾಗಿ ಬಂದಾಗ ಶಾಂತವ್ವನಿಗೆ ತೋರಿಸಿದೆ. ತನ್ನ ಹೆಸರಿನ ಮೇಲೆ ಬೆರಳಾಡಿಸಿ, “ಇದರಾಗ ನಾ ಏನಂದೀನಿ?” ಎಂದು ಕೇಳಿದಳು. ತಾಯಿ ಒಂದು ತುತ್ತು ಹೆಚ್ಚು ಹಾಕ್ಯಾಳ ಅಂತ ಅಂದೀ ಎಂದೆ. “ಅದನ್ನ ನಾ ಅವತ್ತ ಹೇಳಿದ್ನಲ್ಲ” ಎಂದಳು.

ಅವರು ಹೋದ ಸುದ್ದಿ ಬಂದದ್ದು ಒಂದು ಶುಕ್ರವಾರ. ಮಣ್ಣು ಮಾಡುವ ಹೊತ್ತಿಗೆ ನನಗೆ ಅಲ್ಲಿ ಮುಟ್ಟಲಾಗಲಿಲ್ಲ. ಮೂರು ದಿನ ಬಿಟ್ಟು ಸಿಂದಗಿಗೆ ಹೋದೆ. ಬಂದುಹೋಗುವವರ ಗದ್ದಲ ಕಡಿಮೆಯಾಗಿತ್ತು. ಅವರ ಹೆಂಡತಿ ನನ್ನನ್ನು ಒಳಗಿನ ಕೋಣೆಗೆ ಕರೆದು ಪಕ್ಕದಲ್ಲಿ ಕೂಡಿಸಿಕೊಂಡರು. ಗಂಡನ ಕೊನೆಯ ದಿನಗಳ ಬಗ್ಗೆ ಹೇಳಿದರು. ನಾನು ಕೇಳುತ್ತ ಇದ್ದೆ. ನಡುವೆ ಅವರು ಮಾತು ನಿಲ್ಲಿಸಿ ನನ್ನ ಮುಖ ನೋಡಿದರು.

“ಒಂದು ಮಾತು ಕೇಳಲೇನು? ನೀ ಅಲ್ಲೇ ಕೆಲಸ ಮಾಡಿದಾಕಿ, ನಿನಗ ಗೊತ್ತಿರಬೇಕು. ಆ ವರ್ಷ ಹೊಲದಾಗ ಯಾರೋ ತಪ್ಪು ಮಾಡಿದ್ರಂತ. ಅದಕ್ಕ ಇವರಿಗೆ ಕುರ್ಚಿ ಹೋತು. ಯಾರು ಅಂತ ನಾ ಎಷ್ಟು ಸಲ ಕೇಳೀನಿ, ಹೇಳಲಿಲ್ಲ. ಹೋಗೂತನಕ ಹೇಳಲಿಲ್ಲ. ಯಾರದು?”

ಹನ್ನೊಂದು ವರ್ಷ ಆ ಮನೆಗೆ ಬಂದುಹೋಗಿದ್ದೆ. ಅವರ ಕೈಯ ರೊಟ್ಟಿ ಉಂಡಿದ್ದೆ. ನನ್ನ ಮದುವೆಯಲ್ಲಿ ಅವರು ನನಗೆ ಬಳೆ ತೊಡಿಸಿದ್ದರು. ಅಷ್ಟೂ ದಿನ ಅವರಿಗೆ ಗೊತ್ತಿರಲಿಲ್ಲ ಎಂಬುದು ನನಗೂ ಗೊತ್ತಿರಲಿಲ್ಲ.

“ನಾನ ರೀ ಅಮ್ಮಾರ” ಎಂದೆ.

ಅವರು ನನ್ನ ಕೈ ಬಿಟ್ಟರು. ಎದ್ದು ಹೋಗಿ ಬಾಗಿಲ ಹತ್ತಿರ ನಿಂತರು, ಬೆನ್ನು ಈ ಕಡೆ ಮಾಡಿ. ಹೊರಗೆ ಯಾರೋ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಎದ್ದು ಹೋಗಿಬಿಡಬೇಕೋ ಕೂತಿರಬೇಕೋ ತಿಳಿಯದೆ ನಾನು ಸೆರಗಿನ ಅಂಚು ಸುತ್ತುತ್ತ ಇದ್ದೆ.

“ಇಷ್ಟು ವರ್ಷ ಆ ಯಾರಿಗೋ ನಾ ಭಾಳ ಬೈದೀನಿ” ಎಂದರು ಅವರು, ತಿರುಗದೆ. “ಕಣ್ಣೀರು ಹಾಕಿ ಬೈದೀನಿ. ನಾ ಬೈಯುವಾಗ ಇವರು ಎದ್ದು ಹೊರಗ ಹೋಗ್ತಿದ್ರು. ಯಾಕ ಅಂತ ಈಗ ತಿಳೀತು.”

“ಬೈರಿ ಅಮ್ಮಾರ. ಈಗ ಎದುರಿಗೆ ಅದೀನಿ.”

ಅವರು ತಿರುಗಿ ನನ್ನನ್ನು ನೋಡಿದರು. ಸಿಟ್ಟಿತ್ತು, ಇಲ್ಲವೆಂದು ಹೇಳುವುದಿಲ್ಲ. ಆಮೇಲೆ ಕಣ್ಣು ಒರೆಸಿಕೊಂಡು, “ಈಗ ಯಾರ ಸಲುವಾಗಿ ಬೈಲಿ?” ಎಂದರು. “ಕೈ ತೊಳಕೊಂಡು ಬಾ. ಉಂಡು ಹೋಗು. ಕಡೀ ಬಸ್ಸಿಗೆ ಇನ್ನೂ ಹೊತ್ತೈತಿ.”

ಉಂಡೆ. ಅವರು ಎದುರಿಗೆ ಕೂತಿದ್ದರು, ಬಡಿಸಿದರು.